ಕೋರ್ಟಿನಲ್ಲಿ ಪೀಠಿಕೆಯ ಮಾತು ಎಷ್ಟು ನಡೆಯುತ್ತದೆ?

(ಸಂವಿಧಾನ ದಿನದ ಸಂಜೆ ಸಾಗರ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಆಡುವಾಗ ಬಿಟ್ಟುಹೋದ ಒಂದೆರಡು ಇಸವಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಅಡಿಕೆ ಕೊಯ್ಲಿನ ದಿನಗಳಲ್ಲಿ ಸಂಜೆ ಹೊತ್ತು ಮನೆ ಬಿಟ್ಟು ಬರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಮುಂದೆ ಕೂತವರ ಕೈಬೆರಳಲ್ಲಿ ಚೊಗರಿನ ಕಲೆ ಇನ್ನೂ ಕಾಣುತ್ತಿದೆ. ಸುಲಿಯುವುದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದೀರಿ. ಆದ್ದರಿಂದ ನೇರವಾಗಿ ವಿಷಯಕ್ಕೇ ಬರುತ್ತೇನೆ.

ಇವತ್ತು ಬೆಳಿಗ್ಗೆ ಇದೇ ಅಂಗಳದಲ್ಲಿ ಮಕ್ಕಳು ಸಂವಿಧಾನದ ಪೀಠಿಕೆ ಓದಿದರು. ಒಬ್ಬಳು ಹುಡುಗಿ ‘ಸಾರ್ವಭೌಮ’ದ ಹತ್ತಿರ ತಡವರಿಸಿದಳು. ಮತ್ತೆ ಹಿಂದಿನಿಂದ ಶುರುಮಾಡಿ ಸರಿಯಾಗಿ ಹೇಳಿ ಮುಗಿಸಿದಳು. ಆಮೇಲೆ ಕಾಫಿ ಕುಡಿಯುವಾಗ ಹಿರಿಯರೊಬ್ಬರು ಪಕ್ಕಕ್ಕೆ ಬಂದು ಕೇಳಿದರು: “ವಕೀಲರೇ, ಮಕ್ಕಳು ಈಗ ಓದಿದರಲ್ಲ, ಅದನ್ನು ಹಿಡಿದುಕೊಂಡು ಕೋರ್ಟಿಗೆ ಹೋದರೆ ನಡೆಯುತ್ತದಾ?” ಒಂದೇ ಮಾತಿನಲ್ಲಿ ಹೌದು ಅಥವಾ ಇಲ್ಲ ಅನ್ನಲು ನನ್ನಿಂದ ಆಗಲಿಲ್ಲ. ಸಂಜೆ ಹೇಳುತ್ತೇನೆ ಅಂದಿದ್ದೆ. ಅದನ್ನೇ ಈಗ ಹೇಳುತ್ತೇನೆ.

ಮೊದಲು ನನ್ನದೇ ಒಂದು ಅನುಭವ. ವಕೀಲಿಕೆ ಶುರುಮಾಡಿದ ಹೊಸತರಲ್ಲಿ ಶರಾವತಿ ಮುಳುಗಡೆಯಿಂದ ಎದ್ದುಬಂದ ಒಂದು ಕುಟುಂಬದ ಪರ ರಿಟ್ ಅರ್ಜಿ ಬರೆದೆ. ಲಿಂಗನಮಕ್ಕಿಯ ನೀರು ಏರಿದಾಗ ಅಜ್ಜ ಗಾಡಿಯಲ್ಲಿ ಪಾತ್ರೆ, ಬಾಗಿಲು, ದೇವರ ಪೆಟ್ಟಿಗೆ ಹೇರಿಕೊಂಡು ಬಂದಿದ್ದರು. ಮೊಮ್ಮಗನ ಕಾಲಕ್ಕೂ ಕೂತ ಜಾಗಕ್ಕೆ ಹಕ್ಕುಪತ್ರ ಇರಲಿಲ್ಲ. ಅರ್ಜಿಯ ಮೊದಲೆರಡು ಪುಟ ತುಂಬ ‘ಸಾಮಾಜಿಕ, ಆರ್ಥಿಕ ಮತ್ತು ರಾಜಕೀಯ ನ್ಯಾಯ’ ಎಂದು ಮನಸ್ಸು ತುಂಬಿ ಬರೆದೆ. ನ್ಯಾಯಮೂರ್ತಿಗಳು ಓದಿದರು, ತಲೆ ಎತ್ತಿ ಸಮಾಧಾನದಿಂದಲೇ ಕೇಳಿದರು: “ಯಾವ ವಿಧಿಯ ಕೆಳಗೆ ಬಂದಿದ್ದೀರಿ?” ನಾನು ಪೀಠಿಕೆ ಅಂದೆ. “ಅದು ಸರಿ, ವಿಧಿ ಯಾವುದು?” ಅಂದರು. ಅರ್ಜಿ ವಾಪಸ್ ತೆಗೆದುಕೊಂಡು ಸಮಾನತೆಯ 14, ಜೀವ ಮತ್ತು ಸ್ವಾತಂತ್ರ್ಯದ 21, ಆಸ್ತಿಯ 300ಎ ವಿಧಿಗಳ ಕೆಳಗೆ ಮತ್ತೆ ಬರೆದೆವು. ಪೀಠಿಕೆಯ ಮಾತನ್ನು ತೆಗೆಯಲಿಲ್ಲ. ಆದರೆ ಅದರ ಜಾಗ ಬದಲಾಯಿತು. ಆ ಜಾಗ ಯಾವುದು ಅಂತ ಅರ್ಥವಾಗಲು ನನಗೆ ವರ್ಷಗಳೇ ಹಿಡಿದವು. ಅರ್ಥಮಾಡಿಸಿದ್ದು ಕಾನೂನು ಪುಸ್ತಕಕ್ಕಿಂತ ಹೆಚ್ಚಾಗಿ ತಾಳಮದ್ದಳೆ, ವೇಷ ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ.

‘ಪೀಠಿಕೆ’ ಎಂಬ ಪದ ನಮ್ಮ ಕಡೆಯವರಿಗೆ ಹೊಸದಲ್ಲ. ಭಾಗವತರು ಪದ ಹೇಳಿ ನಿಲ್ಲಿಸಿದ ಮೇಲೆ ಅರ್ಥಧಾರಿ ಮೊದಲು ಪೀಠಿಕೆ ಹೇಳುತ್ತಾನೆ. ನಾನು ಯಾರು, ಎಲ್ಲಿ ನಿಂತಿದ್ದೇನೆ, ಯಾವುದಕ್ಕೆ ಕಟ್ಟುಬಿದ್ದವನು ಅಂತ. ಕರ್ಣನ ಅರ್ಥ ಹೇಳುವವನು ಪೀಠಿಕೆಯಲ್ಲಿ ಕೊಟ್ಟ ಮಾತಿನ ಬಗ್ಗೆ ಹೇಳಿದನೆಂದರೆ, ರಾತ್ರಿ ಎರಡು ಗಂಟೆಗೆ ಎದುರಿನ ಅರ್ಥಧಾರಿ ಅದೇ ಮಾತನ್ನು ಎತ್ತಿ ಹಿಡಿಯುತ್ತಾನೆ: “ಪೀಠಿಕೆಯಲ್ಲಿ ಹೀಗಂದೆಯಲ್ಲ ಕರ್ಣ, ಈಗ ಹೇಗೆ ಬದಲಾಯಿತು?” ಪೀಠಿಕೆಯೊಂದನ್ನೇ ಹೇಳಿ ಯಾರೂ ಪ್ರಸಂಗ ಮುಗಿಸುವುದಿಲ್ಲ, ವಾದವೂ ಗೆಲ್ಲುವುದಿಲ್ಲ. ಆದರೆ ಪೀಠಿಕೆಗೆ ವಿರುದ್ಧ ಮಾತಾಡಿದವನ ಅರ್ಥ ನಿಲ್ಲುವುದಿಲ್ಲ. ಸಂವಿಧಾನದ ಪೀಠಿಕೆಗೆ ನಮ್ಮ ಸುಪ್ರೀಂ ಕೋರ್ಟು ಕೊಟ್ಟಿರುವ ಸ್ಥಾನವೂ ಹೆಚ್ಚು ಕಡಿಮೆ ಇದೇ. ಆದರೆ ಅಲ್ಲಿಗೆ ಬಂದು ಮುಟ್ಟಲು ಅದು ಒಂದು ದೊಡ್ಡ ತಪ್ಪು ಮಾಡಬೇಕಾಯಿತು, ಅದನ್ನು ತಿದ್ದಿಕೊಳ್ಳಲೂ ಬೇಕಾಯಿತು.

ಆ ತಪ್ಪು ನಡೆದದ್ದು 1960ರಲ್ಲಿ. ಪಶ್ಚಿಮ ಬಂಗಾಳದ ಜಲಪೈಗುರಿ ಜಿಲ್ಲೆಯಲ್ಲಿ ಬೇರುಬಾರಿ ಅಂತ ಒಂದು ಪ್ರದೇಶ. ದೇಶ ಭಾಗವಾಗುವಾಗ ಗಡಿರೇಖೆ ಎಲ್ಲಿ ಬಿತ್ತು ಎಂಬ ಜಗಳ ಅದರದ್ದು. 1958ರಲ್ಲಿ ನೆಹರೂ ಮತ್ತು ಪಾಕಿಸ್ತಾನದ ಪ್ರಧಾನಿ ಫಿರೋಜ್ ಖಾನ್ ನೂನ್ ಕೂತು ಅದನ್ನು ಅರ್ಧರ್ಧ ಹಂಚಿಕೊಳ್ಳುವುದೆಂದು ಒಪ್ಪಂದ ಮಾಡಿಕೊಂಡರು. ಅಲ್ಲಿಯ ಜನ ಒಪ್ಪಲಿಲ್ಲ. ದೇಶದ ನೆಲವನ್ನು ಹೀಗೆ ಕೊಡಲು ಬರುತ್ತದೆಯೇ ಎಂದು ರಾಷ್ಟ್ರಪತಿಗಳು 143ನೇ ವಿಧಿಯ ಕೆಳಗೆ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ನೆಲ ಕೊಡಬಾರದು ಎಂದವರ ವಾದದಲ್ಲಿ ಪೀಠಿಕೆಯೂ ಬಂತು: ಜನತೆಯಾದ ನಾವು ಈ ದೇಶವನ್ನು ಸಾರ್ವಭೌಮ ಗಣರಾಜ್ಯವಾಗಿ ಕಟ್ಟಿಕೊಂಡಿದ್ದೇವೆ, ಅದರ ತುಂಡನ್ನು ಸರ್ಕಾರ ಹೇಗೆ ಕೊಟ್ಟೀತು?

ಎಂಟು ನ್ಯಾಯಮೂರ್ತಿಗಳ ಪೀಠದ ಪರವಾಗಿ ಗಜೇಂದ್ರಗಡ್ಕರ್ ಅಭಿಪ್ರಾಯ ಬರೆದರು. ಪೀಠಿಕೆಯು ಸಂವಿಧಾನ ರಚಿಸಿದವರ ಮನಸ್ಸನ್ನು ತೆರೆದು ನೋಡುವ ಕೀಲಿಕೈ ಎಂದರು. ಮೆಚ್ಚಿ ಹೇಳಿದ ಮಾತೇ. ಅದರ ಬೆನ್ನಿಗೇ ಇನ್ನೊಂದು ಮಾತನ್ನೂ ಹೇಳಿದರು: ಪೀಠಿಕೆ ಸಂವಿಧಾನದ ಭಾಗವಲ್ಲ, ಅದರಿಂದ ಸರ್ಕಾರಕ್ಕೆ ಯಾವ ಅಧಿಕಾರವೂ ಹುಟ್ಟುವುದಿಲ್ಲ, ಇರುವ ಅಧಿಕಾರಕ್ಕೆ ಅದೊಂದೇ ತಡೆಯೂ ಆಗುವುದಿಲ್ಲ. ಹಾಗೆಂದು ಸರ್ಕಾರಕ್ಕೆ ಬಾಗಿಲು ಪೂರ್ತಿ ತೆರೆದದ್ದೂ ಅಲ್ಲ. ನೆಲ ಬಿಟ್ಟುಕೊಡಬೇಕಾದರೆ 368ನೇ ವಿಧಿಯಂತೆ ಸಂವಿಧಾನವನ್ನೇ ತಿದ್ದಬೇಕು ಎಂದಿತು ಕೋರ್ಟು. ಅದೇ ವರ್ಷ ಒಂಬತ್ತನೇ ತಿದ್ದುಪಡಿ ಬಂತು. ಕೊನೆಗೂ ಆ ಹಂಚಿಕೆ ನಡೆಯಲೇ ಇಲ್ಲ. 1974ರ ಬಾಂಗ್ಲಾದೇಶದ ಒಪ್ಪಂದದಲ್ಲಿ, ಕೊಡಬೇಕಾಗಿದ್ದ ಅರ್ಧ ಭಾರತದಲ್ಲೇ ಉಳಿಯಿತು.

‘ಪೀಠಿಕೆ ಸಂವಿಧಾನದ ಭಾಗವಲ್ಲ’ ಎಂಬ ಮಾತು ಏಕೆ ತಪ್ಪು? ಅದಕ್ಕೆ ಸಂವಿಧಾನ ಸಭೆಯ ಒಂದು ದಿನವನ್ನು ನೋಡಬೇಕು. 1949ರ ಅಕ್ಟೋಬರ್ 17. ವಿಧಿಗಳೆಲ್ಲ ಚರ್ಚೆಯಾಗಿ ಒಪ್ಪಿಗೆ ಪಡೆದ ಮೇಲೆ ಪೀಠಿಕೆಯನ್ನು ಕೈಗೆತ್ತಿಕೊಂಡರು. ಮನೆ ಕಟ್ಟಿ ಮುಗಿಸಿ ಆಮೇಲೆ ಬಾಗಿಲಿಗೆ ಹೆಸರು ಬರೆಸಿದ ಹಾಗೆ. ಬೇಕೆಂದೇ ಹಾಗೆ ಮಾಡಿದರು. ಒಳಗೆ ಇಲ್ಲದ್ದು ಹೊರಗೆ ಬರೆದಿರಬಾರದು ಎಂದು. ದೇವರ ಹೆಸರಿನಲ್ಲಿ ಎಂದು ಪೀಠಿಕೆ ಆರಂಭವಾಗಲಿ ಎಂದು ಎಚ್.ವಿ. ಕಾಮತ್ ತಿದ್ದುಪಡಿ ತಂದರು. ಇಂಥದನ್ನು ಮತಕ್ಕೆ ಹಾಕಬೇಡಿ ಎಂದು ಕೆಲವರು ಬೇಡಿಕೊಂಡರೂ ಕಾಮತ್ ಬಿಡಲಿಲ್ಲ. 41 ಪರ, 68 ವಿರುದ್ಧ, ಬಿದ್ದುಹೋಯಿತು. ಕೊನೆಗೆ ಅಧ್ಯಕ್ಷರಾದ ರಾಜೇಂದ್ರ ಪ್ರಸಾದರು ‘ಪೀಠಿಕೆ ಸಂವಿಧಾನದ ಭಾಗವಾಗಿ ನಿಲ್ಲಲಿ’ ಎಂಬ ನಿರ್ಣಯವನ್ನು ಸಭೆಯ ಮುಂದಿಟ್ಟರು. ಸಭೆ ಒಪ್ಪಿತು.

ಕೇಳಿದಿರಲ್ಲ? ‘ಭಾಗವಾಗಿ’ ಎಂದೇ ನಿರ್ಣಯ. 1960ರ ಅಭಿಪ್ರಾಯ ಬರೆಯುವಾಗ ಆ ನಿರ್ಣಯ ನ್ಯಾಯಮೂರ್ತಿಗಳ ಗಮನಕ್ಕೆ ಬರಲಿಲ್ಲ. ಆ ಸಭೆಯಲ್ಲಿ ನಮ್ಮ ಮೈಸೂರು ಸಂಸ್ಥಾನದ ಏಳು ಮಂದಿ ಇದ್ದರು. ಅವರಲ್ಲಿ ಒಬ್ಬರಾದ ಎಸ್.ವಿ. ಕೃಷ್ಣಮೂರ್ತಿ ರಾವ್ ಮುಂದೆ 1962ರಲ್ಲಿ ಶಿವಮೊಗ್ಗದಿಂದಲೇ ಲೋಕಸಭೆಗೆ ಹೋದವರು. ಆ ಕಾಗದಗಳಿಗೂ ನಮಗೂ ಅಷ್ಟು ದೂರವೇನಿಲ್ಲ.

ತಪ್ಪು ತಿದ್ದಿದ ಮೊಕದ್ದಮೆ ಎಲ್ಲರಿಗೂ ಗೊತ್ತಿರುವುದೇ, ಕೇಶವಾನಂದ ಭಾರತಿ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇದು ಜಮೀನಿನ ಮೊಕದ್ದಮೆ. ಸಾಗರದಲ್ಲಿ ಕೂತು ಜಮೀನಿನ ಮೊಕದ್ದಮೆಯನ್ನು ದೂರದ ವಿಷಯವಾಗಿ ನೋಡಲು ಆಗುವುದಿಲ್ಲ.

ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಅವರು. ಯಕ್ಷಗಾನಕ್ಕೆ ಆಶ್ರಯ ಕೊಟ್ಟವರು, ಸಂಗೀತ ಬಲ್ಲವರು. ಕೇರಳದ ಭೂಸುಧಾರಣೆ ಕಾನೂನಿನಿಂದ ಮಠದ ಜಮೀನು ಹೋಗುತ್ತದೆ ಎಂದು 1970ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಮೊಕದ್ದಮೆ ನಡೆಯುತ್ತಿರುವಾಗಲೇ ಸಂಸತ್ತು ಮೂರು ತಿದ್ದುಪಡಿ ಮಾಡಿತು, 24, 25 ಮತ್ತು 29. ಆಗ ಪ್ರಶ್ನೆ ಮಠದ ಗದ್ದೆಯನ್ನು ದಾಟಿ ಬೆಳೆಯಿತು: ಸಂಸತ್ತು ಸಂವಿಧಾನವನ್ನು ಎಲ್ಲಿಯವರೆಗೆ ತಿದ್ದಬಹುದು? ಹದಿಮೂರು ನ್ಯಾಯಮೂರ್ತಿಗಳು ಕೂತರು. 68 ದಿನ ವಾದ ನಡೆಯಿತು. 1973ರ ಏಪ್ರಿಲ್ 24ರಂದು ತೀರ್ಪು, ಏಳಕ್ಕೆ ಆರು.

ಪೀಠಿಕೆ ಅಲ್ಲಿ ಎರಡೂ ಕಡೆಯವರ ಕೈಯಲ್ಲಿತ್ತು. ಪೀಠಿಕೆ ಸಂವಿಧಾನದ ಭಾಗ ಹೌದಾದರೆ ಅದನ್ನೂ ತಿದ್ದಬಹುದು ಎಂಬುದು ಸರ್ಕಾರದ ವಾದ. ಸಾಮಾಜಿಕ ನ್ಯಾಯ ಎಂದು ಪೀಠಿಕೆಯೇ ಹೇಳಿರುವಾಗ ಉಳುವವನಿಗೆ ಭೂಮಿ ಕೊಡುವುದು ಹೇಗೆ ತಪ್ಪು ಎಂಬುದೂ ಆ ಕಡೆಯಲ್ಲಿತ್ತು. ಪೀಠಿಕೆಯಲ್ಲಿ ಹೇಳಿದ ಮೂಲಸಂಗತಿಗಳನ್ನೇ ಕಿತ್ತುಹಾಕುವ ಅಧಿಕಾರ ತಿದ್ದುಪಡಿ ಎಂಬ ಪದದೊಳಗೆ ಇಲ್ಲ ಎಂಬುದು ಸ್ವಾಮೀಜಿ ಪರವಾಗಿ ನಾನಿ ಪಾಲ್ಕಿವಾಲಾ ಅವರ ವಾದ.

ಕೋರ್ಟು 1949ರ ಆ ನಿರ್ಣಯವನ್ನು ತೆರೆದು ನೋಡಿತು. ಪೀಠಿಕೆ ಸಂವಿಧಾನದ ಭಾಗವೇ ಎಂದು ಹೆಚ್ಚಿನ ನ್ಯಾಯಮೂರ್ತಿಗಳು ಒಪ್ಪಿದರು. ಬೇರುಬಾರಿಯ ಆ ಮಾತು ಅಲ್ಲಿಗೆ ಮುಗಿಯಿತು. ಪೀಠಿಕೆಯಲ್ಲಿ ಕಾಣಿಸಿದ ಉದಾತ್ತ ದರ್ಶನದ ಬೆಳಕಿನಲ್ಲೇ ಸಂವಿಧಾನವನ್ನು ಓದಬೇಕು ಎಂದರು ಮುಖ್ಯ ನ್ಯಾಯಮೂರ್ತಿ ಸಿಕ್ರಿ. ತಿದ್ದಬಹುದು, ಆದರೆ ಮೂಲ ಸ್ವರೂಪ ಕೆಡಿಸುವಂತಿಲ್ಲ. ಆ ಮೂಲ ಸ್ವರೂಪ ಯಾವುದು ಎಂದು ಪಟ್ಟಿ ಮಾಡುವಾಗ ನ್ಯಾಯಮೂರ್ತಿಗಳು ಮತ್ತೆ ಮತ್ತೆ ಹೋದದ್ದು ಪೀಠಿಕೆಗೇ. ಕಾರ್ಕಳ ತಾಲ್ಲೂಕಿನ ಕೆ.ಎಸ್. ಹೆಗ್ಡೆ ಅವರು ಮುಖರ್ಜಿಯಾ ಅವರೊಂದಿಗೆ ಬರೆದ ತೀರ್ಪಿನಲ್ಲಿ ದೇಶದ ಸಾರ್ವಭೌಮತ್ವ, ಪ್ರಜಾಸತ್ತೆ, ಏಕತೆ, ವ್ಯಕ್ತಿ ಸ್ವಾತಂತ್ರ್ಯಗಳ ಜೊತೆಗೆ, ಸಮಾನತೆಯ ಸಮಾಜ ಕಟ್ಟಬೇಕೆಂಬ ಆದೇಶವೂ ಇದೆ. ಬಡವನ ಪಾಲನ್ನೂ ಮೂಲ ಸ್ವರೂಪದಲ್ಲೇ ಸೇರಿಸಿದರು ಅವರು. ಆ ತೀರ್ಪಿನ ಬೆನ್ನಿಗೇ ಹೆಗ್ಡೆ ಮತ್ತು ಇನ್ನಿಬ್ಬರು ಹಿರಿಯರನ್ನು ದಾಟಿ ಕಿರಿಯರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟು ಹೊರನಡೆದರು. ಆ ಬೆಲೆಯನ್ನು ನಾವು ಮರೆಯಬಾರದು.

ಹಾಗಾದರೆ ಮಠಕ್ಕೆ ಜಮೀನು ಸಿಕ್ಕಿತಾ? ಇಲ್ಲ. ಕೇರಳದ ಆ ಭೂಸುಧಾರಣೆ ಕಾನೂನಿಗೆ ರಕ್ಷಣೆ ಕೊಟ್ಟ 29ನೇ ತಿದ್ದುಪಡಿಯನ್ನು ಕೋರ್ಟು ಎತ್ತಿಹಿಡಿಯಿತು, ಭೂಸುಧಾರಣೆ ಉಳಿಯಿತು. ಇಲ್ಲಿ ನಮ್ಮ ಊರಿನ ನೆನಪು ಬರಬೇಕು. 1951ರ ಏಪ್ರಿಲಿನಲ್ಲಿ ಇಲ್ಲಿಗೆ ಹತ್ತಿರದ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಜಗಳದಿಂದ ಸತ್ಯಾಗ್ರಹ ಎದ್ದಿತು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಅದರಲ್ಲಿದ್ದರು. ಜೂನ್‌ನಲ್ಲಿ ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಅದೇ ಜೂನ್‌ನಲ್ಲಿ ದೆಹಲಿಯಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ಆಯಿತು. ಅದೂ ಭೂಸುಧಾರಣೆ ಕಾನೂನುಗಳನ್ನು ಕಾಪಾಡಲು. ಸಂವಿಧಾನಕ್ಕೆ ಆಗ ಇನ್ನೂ ಒಂದೂವರೆ ವರ್ಷ ತುಂಬಿರಲಿಲ್ಲ. ಗದ್ದೆಗೆ ಇಳಿಯಬಾರದು ಎಂದವರ ಮುಂದೆ ನೇಗಿಲು ಹಿಡಿದು ನಿಂತ ಗೇಣಿದಾರರು ಪೀಠಿಕೆ ಓದಿರಲಿಲ್ಲ. ಆದರೆ ‘ಸಾಮಾಜಿಕ, ಆರ್ಥಿಕ ನ್ಯಾಯ’ ಎಂಬ ಸಾಲಿಗೆ ಮಲೆನಾಡಿನಲ್ಲಿ ಯಾರಾದರೂ ಮೊದಲ ಅರ್ಥ ಹೇಳಿದ್ದರೆ ಅದು ಅವರೇ ಎಂದು ನಾನು ನಂಬಿದ್ದೇನೆ. ನಮ್ಮ ರಾಜ್ಯದಲ್ಲಿ 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುವವರು ತಮ್ಮ ಹಕ್ಕು ಕೇಳುವ ಅರ್ಜಿಯಾದ ಫಾರಂ ನಂಬರ್ 7 ತುಂಬಿದ್ದು ಕೇಶವಾನಂದ ತೀರ್ಪಾದ ಮರುವರ್ಷವೇ.

ಇನ್ನು ಮುಂದಿನದನ್ನು ಬೇಗ ಹೇಳುತ್ತೇನೆ. 1980ರ ಮಿನರ್ವ ಮಿಲ್ಸ್ ಮೊಕದ್ದಮೆ ನಮ್ಮ ಬೆಂಗಳೂರಿನ ಬಟ್ಟೆ ಗಿರಣಿಯದ್ದು. ಅಲ್ಲಿ ಮೂಲ ಸ್ವರೂಪದ ಸಿದ್ಧಾಂತ ಇನ್ನಷ್ಟು ಗಟ್ಟಿಯಾಯಿತು. 1995ರಲ್ಲಿ ಜೀವ ವಿಮಾ ನಿಗಮದ ಒಂದು ಮೊಕದ್ದಮೆಯಲ್ಲಿ ಪೀಠಿಕೆ ಸಂವಿಧಾನದ ಅವಿಭಾಜ್ಯ ಅಂಗ ಎಂದು ಕೋರ್ಟು ಮತ್ತೆ ಹೇಳಿತು.

ನಿಮ್ಮಂಥವರ, ನನ್ನಂಥವರ ಬದುಕಿನಲ್ಲಿ ಪೀಠಿಕೆ ಹೇಗೆ ಕೆಲಸ ಮಾಡಿದೆ ಎಂದು ತಿಳಿಯಲು ಬೇರೆ ಎರಡು ತೀರ್ಪು ನೋಡಬೇಕು. ಎರಡೂ 1982ರವು. ದೆಹಲಿ ಪೊಲೀಸಿನ ಡ್ರೈವರ್ ಕಾನ್‌ಸ್ಟೇಬಲ್ ರಣಧೀರ್ ಸಿಂಗ್ ಕೇಳಿದ್ದು ಇಷ್ಟೇ: ಬೇರೆ ಇಲಾಖೆಯ ಡ್ರೈವರುಗಳೂ ಇದೇ ಸ್ಟೇರಿಂಗ್ ಹಿಡಿಯುತ್ತಾರೆ, ನನಗೆ ಮಾತ್ರ ಕಡಿಮೆ ಸಂಬಳ ಏಕೆ? ಸಮಾನ ಕೆಲಸಕ್ಕೆ ಸಮಾನ ವೇತನ ಎಂಬುದು ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ ಇಲ್ಲ. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ 14 ಮತ್ತು 16ನೇ ವಿಧಿಗಳನ್ನು ತೆಗೆದುಕೊಂಡರು. ಅವುಗಳನ್ನು ಪೀಠಿಕೆ ಮತ್ತು ಸಮಾನ ವೇತನವನ್ನು ಸರ್ಕಾರದ ಗುರಿಯಾಗಿ ಹೇಳುವ 39(ಡಿ) ವಿಧಿಯ ಬೆಳಕಿನಲ್ಲಿ ಓದಿದರು. ಹಕ್ಕು ಅಲ್ಲಿಂದ ಹುಟ್ಟಿತು. ಎರಡನೆಯದು ಡಿ.ಎಸ್. ನಕಾರಾ ಮೊಕದ್ದಮೆ, ಡಿಸೆಂಬರ್ 17ರಂದು ತೀರ್ಪಾದದ್ದು. 1979ರ ಮಾರ್ಚ್ 31ಕ್ಕೆ ಮೊದಲು ನಿವೃತ್ತರಾದವರಿಗೆ ಹೊಸ ಪಿಂಚಣಿ ಲೆಕ್ಕ ಇಲ್ಲ, ಆಮೇಲಿನವರಿಗೆ ಉಂಟು ಎಂದಿತ್ತು ಸರ್ಕಾರ. ಒಂದು ದಿನದ ಅಂತರಕ್ಕೆ ಮುದುಕರನ್ನು ಎರಡು ಪಂಕ್ತಿಯಲ್ಲಿ ಕೂರಿಸಿದ ಹಾಗೆ. ಕೋರ್ಟು ಆ ಗೆರೆಯನ್ನು 14ನೇ ವಿಧಿಯಿಂದ ಅಳಿಸಿತು. ಪಿಂಚಣಿ ಭಿಕ್ಷೆಯಲ್ಲ, ಹಕ್ಕು ಎಂದು ವಿವರಿಸುವಾಗ ಪೀಠಿಕೆಯ ‘ಸಮಾಜವಾದಿ’ ಪದದ ಮೇಲೆ ಒರಗಿತು. ಇಲ್ಲಿ ಕೂತಿರುವ ನಿವೃತ್ತ ಮೇಷ್ಟರುಗಳು ಡಿಸೆಂಬರ್ 17ನ್ನು ಪಿಂಚಣಿದಾರರ ದಿನ ಎಂದು ಆಚರಿಸುವುದು ಇದೇ ಕಾರಣಕ್ಕೆ.

ಗಮನಿಸಿ, ಎರಡರಲ್ಲೂ ಪೀಠಿಕೆ ಒಂಟಿಯಾಗಿ ಬರಲಿಲ್ಲ. ವಿಧಿಯೊಂದರ ಕೈ ಹಿಡಿದು ಬಂತು. ವಿಧಿಯ ಮಾತು ಸ್ಪಷ್ಟವಾಗಿದ್ದರೆ ಪೀಠಿಕೆ ಅದನ್ನು ತಳ್ಳಿಹಾಕುವುದಿಲ್ಲ. ಮಾತಿಗೆ ಎರಡು ಅರ್ಥ ಬರುವಾಗ, ಅಥವಾ ಮಾತು ಅಗಲವಾಗಿದ್ದು ಎಲ್ಲಿಯವರೆಗೆ ಎಂದು ತಿಳಿಯದಾಗ, ಯಾವ ಅರ್ಥ ಹಿಡಿಯಬೇಕೆಂದು ಪೀಠಿಕೆ ಹೇಳುತ್ತದೆ. ಬೇರುಬಾರಿ ಅಭಿಪ್ರಾಯದಲ್ಲಿ ಈ ಒಂದು ಭಾಗ ಇವತ್ತಿಗೂ ಉಳಿದಿದೆ. ನನ್ನ ಮೊದಲ ಅರ್ಜಿ ವಾಪಸ್ ಬಂದದ್ದೂ ಇದಕ್ಕೇ.

ಇನ್ನು ಎಲ್ಲರೂ ಕೇಳುವ ಆ ಎರಡು ಪದಗಳು, ‘ಸಮಾಜವಾದಿ’ ಮತ್ತು ‘ಜಾತ್ಯತೀತ’. 1976ರ 42ನೇ ತಿದ್ದುಪಡಿ ಪೀಠಿಕೆಗೆ ಇವೆರಡನ್ನೂ, ಜೊತೆಗೆ ‘ಅಖಂಡತೆ’ಯನ್ನೂ ಸೇರಿಸಿತು. ತುರ್ತು ಪರಿಸ್ಥಿತಿಯಲ್ಲಿ, ವಿರೋಧ ಪಕ್ಷದ ನಾಯಕರು ಜೈಲಿನಲ್ಲಿರುವಾಗ ಸೇರಿಸಿದ್ದು ಸರಿಯಲ್ಲ. ಅದನ್ನು ನಾನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಆದರೆ ಆ ಪದಗಳ ಹುರುಳು 1976ರಲ್ಲಿ ಬಂದದ್ದಲ್ಲ. ಸಂವಿಧಾನದ ಜಾತ್ಯತೀತ ಲಕ್ಷಣವನ್ನು ಸಿಕ್ರಿಯವರು ಮೂಲ ಸ್ವರೂಪದ ಪಟ್ಟಿಯಲ್ಲಿ ಬರೆದದ್ದು 1973ರಲ್ಲೇ, ಪದ ಸೇರುವುದಕ್ಕೆ ಮೂರು ವರ್ಷ ಮೊದಲು. ಜನತಾ ಸರ್ಕಾರ ಬಂದ ಮೇಲೆ 42ನೇ ತಿದ್ದುಪಡಿಯ ಬಹಳಷ್ಟನ್ನು ತೆಗೆದುಹಾಕಿತು, ಈ ಪದಗಳನ್ನು ಮುಟ್ಟಲಿಲ್ಲ. ಅವಕ್ಕೆ ಅರ್ಥನಿರೂಪಣೆ ಕೊಡಲು ಹೋಯಿತು. ‘ಜಾತ್ಯತೀತ’ ಎಂದರೆ ಎಲ್ಲ ಧರ್ಮಗಳಿಗೆ ಸಮಾನ ಗೌರವ ಎಂದು. ರಾಜ್ಯಸಭೆ ಅದನ್ನು ಒಪ್ಪಲಿಲ್ಲ.

ಕನ್ನಡದಲ್ಲಂತೂ ‘ಸೆಕ್ಯುಲರ್’ ಎಂಬ ಆ ಒಂದು ಪದಕ್ಕೆ ಜಾತ್ಯತೀತ, ಧರ್ಮನಿರಪೇಕ್ಷ, ಸರ್ವಧರ್ಮ ಸಮಭಾವ ಎಂದು ಮೂರು ಬಗೆ ಬಳಕೆಯಲ್ಲಿವೆ. ‘ಜಾತ್ಯತೀತ’ ಕೇಳಿದಾಗ ಜಾತಿಯಷ್ಟೇ ನೆನಪಾಗುತ್ತದೆ. ಧರ್ಮದ ಮಾತು ಹಿಂದೆ ಉಳಿಯುತ್ತದೆ. ಕೋರ್ಟು ಹೇಳುವ ಅರ್ಥಕ್ಕೆ ಹತ್ತಿರವಾದದ್ದು ‘ಸರ್ವಧರ್ಮ ಸಮಭಾವ’ ಎಂದು ನನಗೆ ಅನ್ನಿಸುತ್ತದೆ. ಮಕ್ಕಳಿಗೆ ಓದಿಸುವಾಗ ಮೇಷ್ಟರುಗಳು ಈ ಮೂರನ್ನೂ ಹೇಳಿ ವಿವರಿಸಿದರೆ ಒಳ್ಳೆಯದು.

ಈ ಪದಕ್ಕೆ ನ್ಯಾಯಾಲಯದಲ್ಲಿ ಹಲ್ಲು ಬಂದದ್ದು ಕರ್ನಾಟಕದ್ದೇ ಮೊಕದ್ದಮೆಯಲ್ಲಿ. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು, ಸದನದಲ್ಲಿ ಬಹುಮತ ತೋರಿಸಲು ಅವಕಾಶವನ್ನೇ ಕೊಡದೆ, ವಜಾ ಮಾಡಿದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳು ಅದು ತಪ್ಪು ಎಂದರು. ಅದೇ ತೀರ್ಪಿನಲ್ಲಿ, 1992ರ ಡಿಸೆಂಬರಿನಲ್ಲಿ ಬಾಬರಿ ಮಸೀದಿ ಕೆಡವಿದ ನಂತರ ವಜಾ ಆದ ಮೂರು ರಾಜ್ಯ ಸರ್ಕಾರಗಳ ವಿಷಯವೂ ಇತ್ತು. ಅವುಗಳ ವಜಾ ಸರಿ ಎಂದರು. ಸರ್ವಧರ್ಮ ಸಮಭಾವ ಸಂವಿಧಾನದ ಮೂಲ ಸ್ವರೂಪ, ರಾಜ್ಯ ಸರ್ಕಾರವೊಂದು ಅದಕ್ಕೆ ವಿರುದ್ಧ ನಡೆದರೆ ಸಂವಿಧಾನದಂತೆ ಆಡಳಿತ ನಡೆಯುತ್ತಿಲ್ಲ ಎಂದೇ ಅರ್ಥ ಎಂದು. ಪೀಠಿಕೆಯ ಒಂದು ಪದದ ಹಿಂದಿನ ತತ್ತ್ವ, ರಾಷ್ಟ್ರಪತಿ ಆಳ್ವಿಕೆ ಹೇರಲು ಬಳಸುವ 356ನೇ ವಿಧಿಯೊಳಗೆ ಬಂದು ಕೂತ ಬಗೆ ಇದು.

ಕೊನೆಯದಾಗಿ 2024ರ ನವೆಂಬರ್ 25. ಆ ಎರಡು ಪದ ತೆಗೆಯಬೇಕೆಂಬ ಅರ್ಜಿಗಳನ್ನು ಮುಖ್ಯ ನ್ಯಾಯಮೂರ್ತಿ ಸಂಜೀವ್ ಖನ್ನಾ ಮತ್ತು ಸಂಜಯ್ ಕುಮಾರ್ ಅವರ ಪೀಠ ತಳ್ಳಿಹಾಕಿತು. ಅರ್ಜಿದಾರರ ಒಂದು ವಾದ ಯೋಚಿಸುವಂಥದ್ದೇ: ಪೀಠಿಕೆಯ ಕೊನೆಗೆ 1949ರ ನವೆಂಬರ್ 26 ಎಂದು ತಾರೀಖಿದೆ. ಆ ದಿನ ಅಂಗೀಕರಿಸಿದೆವು ಎಂದು ಬರೆದಿರುವಾಗ, 1976ರ ಪದವನ್ನು ಅದರೊಳಗೆ ಹಾಕುವುದು ಹೇಗೆ? ಕೋರ್ಟು ಉತ್ತರ ಕೊಟ್ಟಿತು. ಅಂಗೀಕಾರದ ತಾರೀಖು ತಿದ್ದುಪಡಿ ಅಧಿಕಾರಕ್ಕೆ ಅಡ್ಡಬರುವುದಿಲ್ಲ, ಬರುವುದಾದರೆ ಬೇರೆ ವಿಧಿಗಳ ತಿದ್ದುಪಡಿಗಳೂ ಬಿದ್ದುಹೋಗಬೇಕಾಗುತ್ತಿತ್ತು. 368ನೇ ವಿಧಿ ಪೀಠಿಕೆಗೂ ತಾಗುತ್ತದೆ. ಸುಮಾರು 44 ವರ್ಷ ಸುಮ್ಮನಿದ್ದು ಈಗ ಕೇಳಲು ಕಾರಣ ಕಾಣುವುದಿಲ್ಲ ಎಂದೂ ಹೇಳಿತು.

ಮಾತು ಮುಗಿದ ಮೇಲೆ ನಿವೃತ್ತ ಶಿಕ್ಷಕಿಯೊಬ್ಬರು ಎದ್ದು ಕೇಳಿದರು: “ಸೇರಿಸಬಹುದಾದರೆ ನಾಳೆ ತೆಗೆಯಲೂ ಬಹುದಲ್ಲ?” ಸರಿಯಾದ ಪ್ರಶ್ನೆ. ಪದ ಬಂದ ದಾರಿಯಲ್ಲೇ ಹೋಗಬಹುದು. ಆದರೆ ಸಮಾನತೆಯ 14, 15, 16 ಮತ್ತು ಧರ್ಮ ಸ್ವಾತಂತ್ರ್ಯದ 25ರಿಂದ 28ರವರೆಗಿನ ವಿಧಿಗಳು ಅಲ್ಲೇ ಇರುತ್ತವೆ. ಅವುಗಳಲ್ಲಿರುವ ಹುರುಳನ್ನು ಕಿತ್ತರೆ ಮೂಲ ಸ್ವರೂಪದ ಪ್ರಶ್ನೆ ಏಳುತ್ತದೆ, ಹದಿಮೂರು ಮಂದಿಯ ತೀರ್ಪು ಎದುರಿಗೆ ನಿಲ್ಲುತ್ತದೆ ಎಂದೆ.

ಬೆಳಿಗ್ಗೆ ಕೇಳಿದ ಹಿರಿಯರು ಕೊನೆಯವರೆಗೂ ಕೂತಿದ್ದರು. ಜನ ಚದುರಿದ ಮೇಲೆ ಪ್ಲಾಸ್ಟಿಕ್ ಚೀಲದಿಂದ ಒಂದು ಫೈಲು ತೆಗೆದರು. ಅವರ ತಂದೆಯ ಫಾರಂ ನಂಬರ್ 7, ಭೂನ್ಯಾಯಮಂಡಳಿಯ ಆದೇಶ. ಮಡಿಕೆಯ ಜಾಗದಲ್ಲಿ ಕಾಗದ ಹರಿದು, ಹಿಂದಿನಿಂದ ಟೇಪು ಹಚ್ಚಿದ್ದರು. “ಇದರಲ್ಲಿ ಪೀಠಿಕೆ ಎಲ್ಲಿದೆ, ತೋರಿಸಿ” ಅಂದರು. ಆದೇಶದಲ್ಲಿದ್ದದ್ದು 48-ಎ ಕಲಂ, ಸರ್ವೆ ನಂಬರು, ಎಕರೆ-ಗುಂಟೆ, ಚಕ್ಕುಬಂದಿ. ಪೀಠಿಕೆಯ ಒಂದು ಪದವೂ ಇರಲಿಲ್ಲ. ಈ ಕಲಂ ನಮ್ಮ ರಾಜ್ಯದ ಭೂಸುಧಾರಣೆ ಕಾನೂನಿನದ್ದು ಎಂದೂ, ಅಂಥ ಕಾನೂನುಗಳ ಪರವಾಗಿ ದೆಹಲಿಯಲ್ಲಿ ಯಾವ ಸಾಲನ್ನು ಓದಿ ವಾದಿಸಿದರು ಎಂದು ಹೇಳಿದೆ. ಅವರು ಗೋಡೆಯ ಮೇಲಿನ ಪೀಠಿಕೆಯ ಪಟದ ಹತ್ತಿರ ಹೋಗಿ, ‘ನ್ಯಾಯ’ ಇರುವ ಸಾಲನ್ನು ಬೆರಳಿಟ್ಟು ಓದಿದರು. ಆಮೇಲೆ ಫೈಲನ್ನು ಮತ್ತೆ ಚೀಲಕ್ಕೆ ಹಾಕಿ, ಅಡಿಕೆ ಬೇಯಿಸುವ ಒಲೆಗೆ ಕಟ್ಟಿಗೆ ಒಟ್ಟಬೇಕು ಎಂದು ಬ್ಯಾಟರಿ ಹಿಡಿದು ಹೊರಟರು.